ಕ್ಯಾಲೆಂಡರಿನ ಮೇಲೆ ಬಂಟ

ಆ ಬೇಸಿಗೆಯಲ್ಲಿ ನಮ್ಮ ನಾಯಿ ಬಂಟ ನೀರು ಕುಡಿಯುವುದು ಜಾಸ್ತಿಯಾಯಿತು. ಅವನ ಬಟ್ಟಲು ಸಾಲದೆ ಕೊಟ್ಟಿಗೆಯ ಬಾನಿಗೇ ಬಾಯಿ ಹಾಕುತ್ತಿದ್ದ. ಸೆಕೆಗೆ ಯಾರಿಗೆ ತಾನೇ ಬಾಯಾರುವುದಿಲ್ಲ ಅಂದುಕೊಂಡೆವು. ರಾತ್ರಿ ಎರಡು ಮೂರು ಸಲ ಎದ್ದು ಬಾಗಿಲು ಕೆರೆಯುತ್ತಿದ್ದ. ಒಂಬತ್ತು ವರ್ಷದಲ್ಲಿ ಹಾಗೆ ಮಾಡಿದವನಲ್ಲ. ಆದರೂ ನಮಗೆ ಹೊಳೆಯಲಿಲ್ಲ. ಊಟ ಬಿಟ್ಟು, ಬಾಯಿಂದ ಉಚ್ಚೆವಾಸನೆ ಬರತೊಡಗಿದ ಮೇಲಷ್ಟೇ ಅವನನ್ನು ಕಾರಿಗೆ ಹತ್ತಿಸಿಕೊಂಡು ಸಾಗರದಿಂದ ಶಿವಮೊಗ್ಗಕ್ಕೆ ಹೋದದ್ದು.

ರಕ್ತದಲ್ಲಿ ಕ್ರಿಯಾಟಿನಿನ್, ಅಂದರೆ ಕಿಡ್ನಿ ಸೋಸಿ ಹೊರಹಾಕಬೇಕಾದ ಕಸ, 4.6. ಒಂದೂವರೆಯ ಒಳಗಿರಬೇಕಾದದ್ದು. ಕಿಡ್ನಿಯ ಕೆಲಸ ಹೆಚ್ಚುಕಮ್ಮಿ ಮುಕ್ಕಾಲು ಪಾಲು ನಿಂತ ಮೇಲೇ ಈ ಅಂಕಿ ಏರತೊಡಗುವುದು ಅಂದರು ಡಾಕ್ಟರು. ಆಮೇಲೆ ಕೇಳಿದರು, "ಹಿಂದೆ ಉಣುಗು ಜ್ವರ, ಉಣ್ಣೆ ಕಚ್ಚಿ ಬರುವ ಜ್ವರ, ಬಂದಿತ್ತಾ?"

ಬಂದಿತ್ತು. ಮೂರು ವರ್ಷದ ಹಿಂದೆ, ಅಡಿಕೆ ಕೊಯ್ಲಿನ ಹೊತ್ತಿಗೆ. ಮೂಗಲ್ಲಿ ರಕ್ತ ಸುರಿದು, ಪ್ಲೇಟ್‌ಲೆಟ್ ಇಳಿದು, ಡಾಕ್ಸಿಸೈಕ್ಲಿನ್ ಮಾತ್ರೆ 28 ದಿನ ಕೊಡಬೇಕೆಂದು ಬರೆದುಕೊಟ್ಟಿದ್ದರು. ಹನ್ನೆರಡನೇ ದಿನಕ್ಕೆ ಬಂಟ ಅಂಗಳದಲ್ಲಿ ಕೋಳಿ ಅಟ್ಟಿಸಿಕೊಂಡು ಓಡುತ್ತಿದ್ದ. ಮನೆ ತುಂಬ ಆಳು, ಒಲೆಯ ಮೇಲೆ ಅಡಿಕೆ ಹಂಡೆ. ಮಾತ್ರೆ ನಿಲ್ಲಿಸಿದವಳು ನಾನೇ. ಆ ರೋಗಾಣು ಹಾಗೆ ಒಳಗೇ ಉಳಿದುಕೊಂಡು ಕಿಡ್ನಿಯ ಸೋಸುವ ಭಾಗವನ್ನು ಕೆಡಿಸಬಲ್ಲದಂತೆ. ಬಂಟನಿಗೆ ಆದದ್ದೂ ಅದೇ ಅಂತ ಖಡಾಖಂಡಿತ ಹೇಳಲಾಗದು, ವಯಸ್ಸೂ ಇರಬಹುದು ಅಂದರು. ಡಾಕ್ಟರು ಒಳ್ಳೆಯವರು. ನಾನು ಮಾತ್ರ ಮಿಕ್ಕ ಹದಿನಾರು ದಿನವನ್ನು ಇವತ್ತಿಗೂ ಎಣಿಸುತ್ತೇನೆ.

ನಮ್ಮ ಕಡೆ ಉಣುಗು ಅಂದರೆ ಮಂಗನ ಕಾಯಿಲೆ. 1957ರಲ್ಲಿ ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲೇ ಅದು ಮೊದಲು ಗೊತ್ತಾದದ್ದು. ಉಣುಗು ಹತ್ತದಿರಲೆಂದು ಆರೋಗ್ಯ ಇಲಾಖೆಯವರು ಕೊಡುವ ಡೆಪಾ ಎಣ್ಣೆಯನ್ನು ನಾವು ಕೈಕಾಲಿಗೆ ಹಚ್ಚಿಕೊಂಡೇ ಸೊಪ್ಪಿಗೆ ಹೋಗುವವರು. ಆದರೆ ನಾಯಿಗೆ ಉಣುಗು ಜ್ವರ ತರುವುದು ಬೇರೆಯೇ ಜಾತಿ, ಕಂದು ಉಣುಗು. ಅದು ಮನೆಯ ಗೋಡೆಬಿರುಕಿನಲ್ಲಿ, ನಾಯಿ ಮಲಗುವ ಗೋಣಿಯ ಅಡಿಯಲ್ಲಿ ಮೊಟ್ಟೆಯಿಡುತ್ತದೆ. ನಾವು ಕಾಡಿಗೆ ಹೆದರುತ್ತ ಕೂತಿದ್ದೆವು, ಅದು ಜಗಲಿಯಲ್ಲಿತ್ತು.

ಮೂರು ದಿನ ಡ್ರಿಪ್ ಹಾಕಿಸಿ ಮನೆಗೆ ತಂದೆವು. ಆಮೇಲಿನದು ನನ್ನ ಕೆಲಸ. ದಿನ ಬಿಟ್ಟು ದಿನ ಚರ್ಮದಡಿಗೆ ರಿಂಗರ್ ಲ್ಯಾಕ್ಟೇಟ್ ಎಂಬ ಡ್ರಿಪ್ಪಿನ ಲವಣನೀರು, 200 ಮಿಲಿ. ಬಾಟಲಿಯನ್ನು ಉಗುರುಬೆಚ್ಚಗಿನ ನೀರಲ್ಲಿಟ್ಟು ತಣ್ಣನೆ ಬಿಡಿಸಿ, ಜಗಲಿಯ ಮೊಳೆಗೆ ತೂಗುಹಾಕಿ, ಹೆಗಲುಗಳ ನಡುವಿನ ಚರ್ಮವನ್ನು ಡೇರೆಯ ಹಾಗೆ ಎತ್ತಿ ಸೂಜಿ ಚುಚ್ಚಬೇಕು. ಮೊದಲ ಸಲ ಸೂಜಿ ಆಚೆ ಕಡೆಯಿಂದ ಹೊರಬಂದು ನೀರೆಲ್ಲ ನನ್ನ ಸೀರೆಗೆ. ಎರಡನೇ ವಾರಕ್ಕೆ ಬಂಟನ ಜೊತೆ ಮಾತಾಡುತ್ತಲೇ ಮುಗಿಸುತ್ತಿದ್ದೆ. ಬೆನ್ನ ಮೇಲೆ ಒಂಟೆಯ ಡುಬ್ಬದ ಹಾಗೆ ಗಂಟಾಗಿ, ನಡೆದಂತೆ ಒಂದು ಪಕ್ಕಕ್ಕೆ ಇಳಿದು, ಕೆಲವು ತಾಸಲ್ಲಿ ಕರಗುತ್ತದೆ. ನೋಡಿ ಹೆದರಬೇಕಾಗಿಲ್ಲ. ಊಟಕ್ಕೆ ಮೂಳೆ, ಹಾಲು, ಮೊಸರು ಬಂದ್, ರಂಜಕ ಹೆಚ್ಚು ಅಂತ. ಮೆತ್ತಗಿನ ಅನ್ನ, ಬೇಯಿಸಿದ ಮೊಟ್ಟೆಯ ಬಿಳಿ. ವಾಕರಿಕೆಯ ಮಾತ್ರೆ ಕೊಟ್ಟು ಅರ್ಧ ತಾಸು ಬಿಟ್ಟೇ ತಟ್ಟೆ ಇಡುತ್ತಿದ್ದೆ. ಬಂದವರೊಬ್ಬರು ನೋವಿಗೆ ತಾವು ನುಂಗುವ ಮಾತ್ರೆಯಲ್ಲಿ ಅರ್ಧ ಮುರಿದು ಕೊಡಲು ಹೊರಟಿದ್ದರು, ಕೈ ಹಿಡಿದು ತಡೆದೆ. ಮನುಷ್ಯರ ಆ ಮಾತ್ರೆಗಳು ನಾಯಿಯ ಉಳಿದಷ್ಟು ಕಿಡ್ನಿಯನ್ನೂ ಮುಗಿಸುತ್ತವೆ.

ಇಷ್ಟೆಲ್ಲ ಮಾಡಿದರೂ ವಾಸಿಯಾಗುವುದಲ್ಲ. ಅದನ್ನು ಮೊದಲ ದಿನವೇ ಹೇಳಿದ್ದರು. ಹಾಗಾದರೆ ಯಾವಾಗ ಸಾಕು ಅನ್ನುವುದು? ಅದಕ್ಕೊಂದು ಉಪಾಯ ಡಾಕ್ಟರೇ ಹೇಳಿಕೊಟ್ಟರು. ಅವನಿಗೆ ತುಂಬ ಇಷ್ಟವಾದ ಮೂರು ಸಂಗತಿ ಆರಿಸಿಕೊಳ್ಳಿ, ದಿನಾ ಬರೆದಿಡಿ. ನಾನು ಆರಿಸಿದ್ದು ಇವು: ಬೆಳಿಗ್ಗೆ ಕಾವಲಿಯಿಂದ ಹರಿದು ಏಳುವ ಮೊದಲ ತೆಳ್ಳೇವು (ತೆಳು ದೋಸೆ) ತಿನ್ನುವುದು, ಏಕೆಂದರೆ ಅದು ಹುಟ್ಟಾ ಅವನದು. ಹಾಲಿನ ಗಾಡಿಗೆ ದಣಪೆಯವರೆಗೆ, ಅಂದರೆ ಬೇಲಿಯ ಬಾಗಿಲವರೆಗೆ, ಹೋಗುವುದು. ತೋಟಕ್ಕೆ ಮಂಗ ಬಂದರೆ ಬೊಗಳುವುದು. ಅಡುಗೆಮನೆಯ ಕ್ಯಾಲೆಂಡರಿನ ಚೌಕದಲ್ಲಿ, ಹಾಲಿನ ಲೆಕ್ಕದ ಪಕ್ಕ, ಮೂರು ಗೀಟು. ಮಾಡಿದರೆ ಗೀಟು, ಇಲ್ಲದಿದ್ದರೆ ಸೊನ್ನೆ. ಎರಡು ಸೊನ್ನೆ ಎರಡು ದಿನ ಸತತ ಬಂದರೆ, ಸಾಕು ಅಂತ ಡಾಕ್ಟರಿಗೆ ಫೋನ್ ಮಾಡುವುದು ಎಂದು ಮನೆಯವರೆಲ್ಲ ಸೇರಿ ಮಾತಾಗಿತ್ತು. ಅತ್ತೆ ಬಿಟ್ಟು. "ಸಾಕಿದ ಕೈಲೇ ಕೊಲ್ಲೂದು ಅಂದ್ರೆ ಎಂಥದು?" ಅಂದು ಎದ್ದು ಹೋಗಿದ್ದರು.

ಮೇ ತಿಂಗಳ ಪುಟದಲ್ಲಿ ಗೀಟುಗಳೇ. ಜೂನಿನಲ್ಲಿ ದಣಪೆ ಹೋಯಿತು. ಪುನರ್ವಸು ಮಳೆ ಹಿಡಿದಾಗ ತೆಳ್ಳೇವೂ ಹೋಯಿತು. ಮೂಸಿ, ನನ್ನ ಮುಖ ನೋಡಿ, ಗೋಡೆಗೆ ತಿರುಗಿಕೊಂಡ. ಕ್ರಿಯಾಟಿನಿನ್ ಎಂಟು ದಾಟಿತ್ತು. ಎರಡು ಸೊನ್ನೆ, ಎರಡು ದಿನ. ನಾನು ಫೋನ್ ಮಾಡಲಿಲ್ಲ. ಮೂರನೇ ದಿನ ತೆಳ್ಳೇವಿನ ಚೂರೊಂದನ್ನು ಬೆರಳಿಂದ ಅವನ ದವಡೆಗೆ ತುರುಕಿ ಗೀಟು ಎಳೆದೆ. ಅದು ಮೋಸದ ಗೀಟು. ಬಾಯಲ್ಲಿ ಹುಣ್ಣಾಗಿದ್ದು ಆಮೇಲೆ ಕಂಡಿತು. ಐದನೇ ದಿನ ಅವನು ಮಲಗಿದಲ್ಲೇ ಉಚ್ಚೆ ಹೊಯ್ದು, ಏಳಲಾಗದೆ ಅದರಲ್ಲೇ ತಲೆ ಇಟ್ಟುಕೊಂಡಿದ್ದ. ಅತ್ತೆಯೇ ಹಳೇ ಪಂಚೆ ತಂದು ಒರೆಸಿದರು. "ಡಾಕ್ಟ್ರಿಗೆ ಹೇಳು" ಅಂದರು, ನನ್ನ ಕಡೆ ನೋಡದೆ.

ಗುಂಡಿಯನ್ನು ಹಿಂದಿನ ಸಂಜೆಯೇ ತೆಗೆಸಿಟ್ಟಿದ್ದು ಒಳ್ಳೆಯದಾಯಿತು. ಆ ಮಳೆಯಲ್ಲಿ ಹೆಣ ಇಟ್ಟುಕೊಂಡು ಗುದ್ದಲಿ ಹುಡುಕುವುದು ಬೇಡ. ಬಾವಿಯಿಂದ ದೂರ, ನಾಲ್ಕಡಿ ಆಳ, ಮೇಲೆ ಕಲ್ಲು. ಸಾಯಿಸಲು ಕೊಡುವ ಔಷಧ ಮೈಯಲ್ಲಿ ಉಳಿದಿರುತ್ತದೆ, ನರಿ ಹಂದಿ ಕೆದಕಿ ತಿಂದರೆ ಅವೂ ಸಾಯುತ್ತವೆ.

ಜಗಲಿಯಲ್ಲೇ, ಅವನ ಗೋಣಿಯ ಮೇಲೇ ಆಯಿತು. ಮೊದಲು ಮಂಪರಿನ ಇಂಜೆಕ್ಷನ್. ಹತ್ತು ನಿಮಿಷಕ್ಕೆ ಗೊರಕೆ, ಎಷ್ಟೋ ವಾರದ ಮೇಲೆ ಕೇಳಿದ ಗೊರಕೆ. ಆಮೇಲೆ ಮುಂಗಾಲಿನ ರಕ್ತನಾಳಕ್ಕೆ ಅರಿವಳಿಕೆಯ ದೊಡ್ಡ ಪ್ರಮಾಣ. ಸ್ಟೆತಸ್ಕೋಪ್ ಎತ್ತಿ ಡಾಕ್ಟರು ತಲೆಯಾಡಿಸಿದ ಮೇಲೂ ಒಂದು ಉಸಿರು ದೊಡ್ಡದಾಗಿ ಎಳೆದ, ನಾನು ಕಿರುಚಿಬಿಟ್ಟೆ. ಅದು ಜೀವವಲ್ಲ, ಸ್ನಾಯುವಿನ ಸೆಳೆತ. ಕಣ್ಣೂ ಮುಚ್ಚುವುದಿಲ್ಲ. ಇವೆರಡನ್ನು ನನಗೆ ಯಾರೂ ಮೊದಲೇ ಹೇಳಿರಲಿಲ್ಲ, ಹಾಗಾಗಿ ಬರೆಯುತ್ತಿದ್ದೇನೆ.

ಅತ್ತೆ ಅವತ್ತು ಮಧ್ಯಾಹ್ನದವರೆಗೆ ಕಾಫಿ ಮುಟ್ಟಲಿಲ್ಲ. ಏನಾದರೂ ಕೇಳಿದರೆ ಹೊಟ್ಟೆ ಸರಿ ಇಲ್ಲ ಅಂದರು. ಮರಿ ತಂದುಕೊಡುತ್ತೇವೆ ಅಂದವರಿಗೆ, ಗೋಡೆಬಿರುಕಿಗೆಲ್ಲ ಗಾರೆ ಮಾಡಿಸಿ ಔಷಧಿ ಹೊಡೆಸುವವರೆಗೆ ಬೇಡ ಅಂದಿದ್ದೇನೆ. ಅರ್ಧ ನಿಜ ಅದು. ಉಳಿದ ನಾಲ್ಕು ಬಾಟಲಿಯನ್ನು ಡಾಕ್ಟರಿಗೆ ವಾಪಸ್ ಕೊಟ್ಟೆ, ಯಾರ ನಾಯಿಗಾದರೂ ಆದೀತು. ಜುಲೈ ಪುಟ ಇನ್ನೂ ತಿರುಗಿಸಿಲ್ಲ, ಹಾಲಿನ ಲೆಕ್ಕ ತಪ್ಪುತ್ತಿದೆ ಅಂತ ಇವರು ಗೊಣಗುತ್ತಾರೆ. ಮಂಗಗಳಿಗೆ ನಾಲ್ಕೇ ದಿನಕ್ಕೆ ಗೊತ್ತಾಯಿತು. ಈಗ ಅಂಗಳದ ಪೇರಲೆ ಮರದವರೆಗೂ ಬರುತ್ತವೆ, ಅತ್ತೆ ಕೋಲು ಹಿಡಿದು ಹೊರಗೆ ಓಡುತ್ತಾರೆ.