ನಿಮ್ಮ ಊರಿನ ಹವೆಗೆ ಯಾವ ಅಂಜೂರ?

ಅಂಜೂರ ಬಿಸಿಲಿಗೆ ಹೆದರುವ ಗಿಡವಲ್ಲ. ಹಣ್ಣು ಮಾಗುವಾಗ ಬೀಳುವ ಮಳೆಯೇ ಅದಕ್ಕೆ ಕಂಟಕ. ಹಾಗಾಗಿ ನರ್ಸರಿಗೆ ಹೋಗುವ ಮುಂಚೆ ನಿಮ್ಮೂರಲ್ಲಿ ಎರಡು ತಿಂಗಳ ಒಣಹವೆ ಯಾವಾಗ ಸಿಗುತ್ತದೆ ಎಂದು ನೋಡಿ. ಚಾಟನಿ (ಕೊಂಬೆ ಸವರುವುದು) ಮಾಡಿದ ಸುಮಾರು ನಾಲ್ಕೈದು ತಿಂಗಳಿಗೆ ಹಣ್ಣು ಬರುತ್ತದೆ. ಬೆಂಗಳೂರು, ಮೈಸೂರು ಕಡೆ ಅಕ್ಟೋಬರ್ ಮೊದಲಲ್ಲಿ ಸವರಿದರೆ ಫೆಬ್ರವರಿ–ಮಾರ್ಚ್‌ನಲ್ಲಿ ಕೊಯ್ಲು.

ಬಳ್ಳಾರಿ, ಕೊಪ್ಪಳ, ರಾಯಚೂರಿನಂಥ ಒಣ ಸೀಮೆಗೆ ಡಯಾನಾ ಒಳ್ಳೆಯ ಆಯ್ಕೆ: ದಪ್ಪ ಹಣ್ಣು, ಹಳದಿ ಮಿಶ್ರಿತ ಹಸಿರು ಸಿಪ್ಪೆ, ಒಣಗಿಸಲೂ ಆಗುತ್ತದೆ. ಪೂನಾ ಅಂಜೂರ ನೇರಳೆ ಛಾಯೆಯ, ತೆಳು ಸಿಪ್ಪೆಯ ಹಣ್ಣು. ಕೊಯ್ದ ಎರಡು ಮೂರು ದಿನದೊಳಗೆ ಮಾರಬೇಕು, ಪೇಟೆ ದೂರವಿದ್ದರೆ ಬೇಡ. ಮನೆಯಂಗಳ, ಟೆರೇಸಿನ ಕುಂಡಕ್ಕೆ ಬ್ರೌನ್ ಟರ್ಕಿ ಸಾಕು.

ಮಲೆನಾಡು, ಕರಾವಳಿಯಲ್ಲಿ ತೋಟ ಮಾಡುವುದೇ ಬೇಡ ಎನ್ನುತ್ತೇವೆ. ತೇವಕ್ಕೆ ತುಕ್ಕು ರೋಗ ಹತ್ತಿ, ಎಲೆಯ ಅಡಿಭಾಗದಲ್ಲಿ ಕಂದು ಪುಡಿಯ ಚುಕ್ಕೆಗಳೆದ್ದು ಗಿಡ ಬೋಳಾಗುತ್ತದೆ. ಒಂದೆರಡು ಗಿಡದ ಆಸೆಯಿದ್ದರೆ ಸೂರಿನಡಿ ಕುಂಡದಲ್ಲಿಡಿ, ಶೇ. 1ರ ಬೋರ್ಡೊ ದ್ರಾವಣ (ಮೈಲುತುತ್ತ, ಸುಣ್ಣದ ಮಿಶ್ರಣ) ಸಿಂಪಡಿಸಿ.

ತಳಿ ಒಪ್ಪುವ ಮುಂಚೆ ಹಣ್ಣಿನ ತುದಿಯ ಕಣ್ಣು ನೋಡಿ. ಅದು ಅಗಲವಾಗಿ ಬಾಯ್ತೆರೆದಿದ್ದರೆ ಇರುವೆ, ಜೀರುಂಡೆ, ಮಳೆನೀರು ಒಳಹೊಕ್ಕು ತಿರುಳು ಹುಳಿಯುತ್ತದೆ. ಮಾಗುವಾಗ ಒಂದೆರಡು ಮಳೆ ತಪ್ಪದ ಊರಲ್ಲಿ ಕಣ್ಣು ಮುಚ್ಚಿದಂತಿರುವ ತಳಿಯೇ ಕ್ಷೇಮ.

ಇನ್ನೊಂದು ಮಾತು: ಸ್ಮಿರ್ನಾ ಗುಂಪಿನ ಗಿಡ ಕೊಳ್ಳಬೇಡಿ. ಅದರ ಪರಾಗಸ್ಪರ್ಶಕ್ಕೆ ಬೇಕಾದ ಪುಟ್ಟ ಕಣಜ ನಮ್ಮ ತೋಟಗಳಲ್ಲಿಲ್ಲ. ಹೀಚು ಬಲಿಯದೆ ಉದುರಿಹೋಗುತ್ತದೆ. ಅಂಗಡಿಯ ಒಣ ಅಂಜೂರದ ಬೀಜ ಬಿತ್ತುವವರಿಗೂ ಇದೇ ಗತಿ, ಜೊತೆಗೆ ಅರ್ಧದಷ್ಟು ಸಸಿ ಗಂಡಾಗುವ ಸಂಭವವೂ ಇದೆ. ಹಣ್ಣು ಬಿಡುವ ತಾಯಿಗಿಡದಿಂದ, ಪೆನ್ಸಿಲ್ ದಪ್ಪದ, ನಾಲ್ಕೈದು ಚಿಗುರುಗಣ್ಣಿರುವ ಒಂದು ಗೇಣು ಕಡ್ಡಿ ತಂದು ಬೇರು ಬರಿಸಿ.

ನೆಡಲು 2 ಅಡಿ ಉದ್ದ, ಅಗಲ, ಆಳದ ಗುಂಡಿ. ಸಾಲಿನಿಂದ ಸಾಲಿಗೂ ಗಿಡದಿಂದ ಗಿಡಕ್ಕೂ 5 ಮೀಟರ್. ನೀರು ನಿಲ್ಲುವ ಎರೆಭೂಮಿಯಾದರೆ ಏರುಮಡಿಯ ಮೇಲೆ ನೆಡಿ. ಮರಳು ಮಣ್ಣಿನಲ್ಲಿ ಬೇರುಗಂಟು ಜಂತುಹುಳುವಿನ ಕಾಟ ಹೆಚ್ಚು, ಗುಂಡಿಗೆ ಕೊಟ್ಟಿಗೆ ಗೊಬ್ಬರದ ಜೊತೆ 1 ಕಿಲೋ ಬೇವಿನ ಹಿಂಡಿ ಬೆರೆಸಿ. ಹಣ್ಣು ಬಣ್ಣ ತಿರುಗಿದ ಮೇಲೆ ನೀರು ತಗ್ಗಿಸಿ. ಬಾಡಿದ ಗಿಡಕ್ಕೆ ಒಮ್ಮೆಲೇ ಹಾಯಿಸಿದರೆ ಸಿಪ್ಪೆ ಸೀಳುತ್ತದೆ.