ಹಣ ಮೊದಲು, ರಸೀದಿ ಆಮೇಲೆ: ಕ್ಯಾಂಪಸ್ಸಿನ ಸಾಂಸ್ಕೃತಿಕ ನಿಧಿ ನೋಡಿಕೊಂಡ ನನ್ನ ಅನುಭವ

ಸಾಂಸ್ಕೃತಿಕ ವೈವಿಧ್ಯದ ಚಟುವಟಿಕೆಗಳಿಗೆ ಹಣ ಹಂಚುವ ಕ್ಯಾಂಪಸ್ ಸಮಿತಿಯ ಹೊಣೆ ನನ್ನ ಪಾಲಿಗೆ ಬಂದು ಹಲವು ವರ್ಷಗಳಾದವು. ಯಾವ ಕಾರ್ಯಕ್ರಮಕ್ಕೆ ಎಷ್ಟು ಕೊಡಬೇಕು ಎಂಬ ಚರ್ಚೆಯಲ್ಲೇ ಇಂಥ ಸಮಿತಿಗಳ ಹೆಚ್ಚಿನ ಹೊತ್ತು ಹೋಗುತ್ತದೆ. ಆದರೆ ಹಣ ಯಾವಾಗ, ಯಾರ ಕೈಗೆ, ಯಾವ ದಾರಿಯಲ್ಲಿ ತಲುಪುತ್ತದೆ ಎಂಬುದನ್ನು ಅದಕ್ಕಿಂತ ಮೊದಲು ನೋಡಬೇಕು. ಯಾವ ಗುಂಪು ವೇದಿಕೆಗೆ ಬರುತ್ತದೆ, ಯಾವುದು ಅರ್ಜಿಯನ್ನೇ ಹಾಕುವುದಿಲ್ಲ ಎಂಬುದು ಬಹುಮಟ್ಟಿಗೆ ಅಲ್ಲೇ ತೀರ್ಮಾನವಾಗಿರುತ್ತದೆ.

ವಿದ್ಯಾರ್ಥಿಗಳು ಮೊದಲು ತಮ್ಮ ಕೈಯಿಂದ ಖರ್ಚು ಮಾಡಿ, ಆಮೇಲೆ ಬಿಲ್ಲು ಕೊಟ್ಟು ವಾಪಸ್ ಪಡೆಯಬೇಕು ಎಂಬ ಪದ್ಧತಿ ಎಷ್ಟೋ ಕಡೆ ಇದೆ. ಮನೆಯಿಂದ ತರಿಸಿಕೊಳ್ಳಬಲ್ಲವರಿಗೆ ಇದರಿಂದ ತೊಂದರೆಯಿಲ್ಲ. ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತಿದ ಹುಡುಗಿಗೆ, ವಿದೇಶದಿಂದ ಬಂದು ಇನ್ನೂ ಬ್ಯಾಂಕ್ ಖಾತೆ ತೆರೆಯದ ವಿದ್ಯಾರ್ಥಿಗೆ, ಕೆಲಸ ಮಾಡಿಕೊಂಡು ಓದುವವರಿಗೆ ಇದು ಮುಚ್ಚಿದ ಬಾಗಿಲು. ಎಲ್ಲರನ್ನೂ ಒಳಗೊಳ್ಳಲೆಂದು ಇಟ್ಟ ಹಣಕ್ಕೆ ಕೈಯಲ್ಲಿ ಕಾಸಿದ್ದವರು ಮಾತ್ರ ಅರ್ಜಿ ಹಾಕುವಂತಾದರೆ ಆ ನಿಧಿಯಿಂದ ಯಾರಿಗೆ ಪ್ರಯೋಜನ?

ಹಾಗಾಗಿ ನಾನು ಮೊದಲು ಕೈಹಾಕಿದ್ದು ಮುಂಗಡದ ವಿಷಯಕ್ಕೆ. ಲೆಕ್ಕಪತ್ರ ವಿಭಾಗದವರು ಹಿಂಜರಿದರು. ಅವರ ಭಯಕ್ಕೆ ಕಾರಣವೂ ಇತ್ತು: ಕೊಟ್ಟ ಮುಂಗಡಕ್ಕೆ ಲೆಕ್ಕ ಬಾರದೇ ಹೋದರೆ ಆಡಿಟ್‌ನಲ್ಲಿ ಉತ್ತರ ಹೇಳಬೇಕಾದವರು ಅವರೇ. ಜತೆಯಲ್ಲಿ ಕೂತು ಒಂದು ಮಾರ್ಗ ಹುಡುಕಿದೆವು. ಧ್ವನಿವರ್ಧಕ, ವಾಹನ, ಮುದ್ರಣದಂಥ ದೊಡ್ಡ ಖರ್ಚನ್ನು ಸಂಸ್ಥೆಯೇ ನೇರವಾಗಿ ಪೂರೈಕೆದಾರರಿಗೆ ಪಾವತಿಸುತ್ತದೆ. ಚಿಲ್ಲರೆ ಖರ್ಚಿಗೆ ಸಣ್ಣ ಮುಂಗಡವನ್ನು ಮಾರ್ಗದರ್ಶಕ ಅಧ್ಯಾಪಕರ ಹೆಸರಿನಲ್ಲಿ ಕೊಡುತ್ತೇವೆ. ಹಿಂದಿನ ಲೆಕ್ಕ ಮುಗಿಯುವ ತನಕ ಆ ಗುಂಪಿಗೆ ಹೊಸ ಮುಂಗಡವಿಲ್ಲ. ಇನ್ನು ಕಲಾವಿದರ ಗೌರವಧನ. ಊರೂರು ಸುತ್ತಿ ಹಾಡುವ ಹಿರಿಯ ಗಾಯಕಿಯ ಹತ್ತಿರ ಬಿಲ್ ಪುಸ್ತಕ ಎಲ್ಲಿಂದ ಬರಬೇಕು? ಅಂಥವರಿಗಾಗಿ ಒಂದೇ ಪುಟದ ವೋಚರ್ ಸಿದ್ಧಪಡಿಸಿ ಅವರ ಸಹಿಯನ್ನೋ ಹೆಬ್ಬೆಟ್ಟನ್ನೋ ಪಡೆಯುತ್ತೇವೆ. ಹಾಡಿದ ದಿನವೇ ಹಣ ಅವರ ಕೈಸೇರಬೇಕು. ಕಲಾವಿದರನ್ನು ಕರೆಸಿ ಸನ್ಮಾನಿಸಿ, ಗೌರವಧನಕ್ಕೆ ತಿಂಗಳುಗಟ್ಟಲೆ ಅಲೆಸುವುದು ಅವಮಾನವೆಂದೇ ನಾನು ತಿಳಿದಿದ್ದೇನೆ.

ಯಾರಿಗೆ ಕೊಡಬೇಕು ಎಂಬುದನ್ನು ವಿದ್ಯಾರ್ಥಿಗಳ ಮತಕ್ಕೆ ಬಿಡೋಣ ಎಂಬ ಸಲಹೆ ಆಗಾಗ ಬರುತ್ತದೆ. ಕೇಳಲು ನ್ಯಾಯವಾಗಿಯೇ ಇದೆ. ನಾನು ಮಾತ್ರ ಒಪ್ಪಿಲ್ಲ. ಸಂಖ್ಯೆಯಲ್ಲಿ ಕಡಿಮೆಯಿರುವವರಿಗಾಗಿ ಇಟ್ಟ ಹಣವನ್ನು ಸಂಖ್ಯಾಬಲದಿಂದ ಹಂಚುವುದು ಹೇಗೆ? ಈ ವಾದಕ್ಕೆ ನನಗೆ ಒತ್ತಾಸೆಯಾಗಿದ್ದು ಅಮೆರಿಕದ ಒಂದು ತೀರ್ಪು. ತಮ್ಮಿಂದ ಕಡ್ಡಾಯವಾಗಿ ವಸೂಲಿ ಮಾಡಿದ ಚಟುವಟಿಕೆ ಶುಲ್ಕ ತಾವು ಒಪ್ಪದ ವಿಚಾರಗಳ ಗುಂಪುಗಳಿಗೆ ಹೋಗುತ್ತಿದೆ ಎಂದು ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕೆಲವು ವಿದ್ಯಾರ್ಥಿಗಳು ಮೊಕದ್ದಮೆ ಹೂಡಿದ್ದರು. 2000ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಶುಲ್ಕ ಪಡೆಯುವುದು ತಪ್ಪಲ್ಲ, ಆದರೆ ಹಂಚಿಕೆಯಲ್ಲಿ ಗುಂಪಿನ ಅಭಿಪ್ರಾಯ ನೋಡಿ ಭೇದ ಮಾಡಬಾರದು ಎಂದಿತು. ವಿದ್ಯಾರ್ಥಿಗಳ ಜನಮತದಿಂದ ಹಣ ಕೊಡುವ ಅಥವಾ ತಡೆಯುವ ಕ್ರಮದ ಬಗ್ಗೆಯೂ ಆಕ್ಷೇಪ ಎತ್ತಿತು. ಬೇರೆ ದೇಶಗಳನ್ನು ಆ ತೀರ್ಪು ಕಟ್ಟಿಹಾಕುವುದಿಲ್ಲ ನಿಜ, ಆದರೂ ತರ್ಕ ಎಲ್ಲಿಗೂ ಸಲ್ಲುತ್ತದೆ. ನಮ್ಮ ಮಾನದಂಡಗಳನ್ನು ಅರ್ಜಿ ಕರೆಯುವ ಮೊದಲೇ ಪ್ರಕಟಿಸುತ್ತೇವೆ, ನಿರಾಕರಿಸಿದಾಗ ಕಾರಣವನ್ನು ಬರೆದು ಕೊಡುತ್ತೇವೆ.

ಅರ್ಜಿಗಳು ಕೆಲವು ದಿನಾಂಕಗಳ ಸುತ್ತ ಮುಗಿಬೀಳುತ್ತವೆ. ಫೆಬ್ರವರಿ 21 ಅಂತರರಾಷ್ಟ್ರೀಯ ಮಾತೃಭಾಷಾ ದಿನ, ಮೇ 21 ವಿಶ್ವಸಂಸ್ಥೆಯ ಸಾಂಸ್ಕೃತಿಕ ವೈವಿಧ್ಯ ದಿನ. ಈ ದಿನಗಳ ಸಂಭ್ರಮ ನನಗೂ ಇಷ್ಟವೇ. ಆದರೆ ಪ್ರತಿ ವಾರ ನಡೆಯುವ ಭಾಷಾ ಕಲಿಕೆಯ ಕೂಟ, ಹೊಸಬರ ಜತೆಗಿರುವ ಸ್ನೇಹಿತರ ಬಳಗ ಇವೆಲ್ಲ ಕ್ಯಾಲೆಂಡರಿನಲ್ಲಿ ಕಾಣುವುದಿಲ್ಲ. ಅಂಥವುಗಳಿಗೆಂದೇ ಒಂದು ಪಾಲನ್ನು ವರ್ಷದ ಆರಂಭದಲ್ಲೇ ಎತ್ತಿಡುತ್ತೇವೆ. ಅದಕ್ಕೆ ಕೊನೆಯ ದಿನಾಂಕವಿಲ್ಲ, ಅರ್ಜಿ ಬಂದ ಹಾಗೆ ನೋಡುತ್ತೇವೆ.

ಅಂಗವಿಕಲರಿಗೆ ಬೇಕಾದ ಅನುಕೂಲಗಳ ಖರ್ಚಿನ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ಸಂಜ್ಞಾ ಭಾಷೆಯ ದುಭಾಷಿಗಳು ಎಡೆಬಿಡದೆ ಕೆಲಸ ಮಾಡಿದರೆ ಬೇಗ ದಣಿಯುತ್ತಾರೆ, ಅನುವಾದದ ನಿಖರತೆಯೂ ಕುಗ್ಗುತ್ತದೆ. ಅದಕ್ಕೇ ದೀರ್ಘ ಕಾರ್ಯಕ್ರಮಕ್ಕೆ ಇಬ್ಬರನ್ನು ಕರೆಯುತ್ತಾರೆ, ಸುಮಾರು 20 ನಿಮಿಷಕ್ಕೊಮ್ಮೆ ಅವರು ಸರದಿ ಬದಲಿಸಿಕೊಳ್ಳುತ್ತಾರೆ. ಅಂದರೆ ಖರ್ಚು ಇಬ್ಬರದು. ಇದು ಗುಂಪಿನ ಬಜೆಟ್ಟಿನಲ್ಲೇ ಸೇರಿದರೆ, ಕಿವುಡ ಸಹಪಾಠಿಗಳನ್ನು ನೆನೆದ ಗುಂಪಿನ ಅರ್ಜಿ ದುಬಾರಿಯಾಗಿ ಕಾಣುತ್ತದೆ, ಮರೆತವರದು ಮಿತವ್ಯಯದಂತೆ ಕಾಣುತ್ತದೆ! ಇದನ್ನು ತಪ್ಪಿಸಲು ದುಭಾಷಿ, ಪರದೆಯ ಮೇಲಿನ ಅಕ್ಷರಸಾಲು, ಗಾಲಿಕುರ್ಚಿ ಹತ್ತುವ ತಾತ್ಕಾಲಿಕ ರ‍್ಯಾಂಪ್ ಇವುಗಳ ಖರ್ಚನ್ನು ಎಲ್ಲರಿಗೂ ಸೇರಿದ ಪ್ರತ್ಯೇಕ ನಿಧಿಗೆ ವರ್ಗಾಯಿಸಿದೆವು. ಗುಂಪುಗಳು ಬೇಡಿಕೆ ತಿಳಿಸಿದರೆ ಸಾಕು. ನಾವು ಮಾಡಿದ ಬದಲಾವಣೆಗಳಲ್ಲಿ ನನಗೆ ಅತ್ಯಂತ ತೃಪ್ತಿ ಕೊಟ್ಟದ್ದು ಇದೇ.

ಎರಡು ಗುಂಪುಗಳು ಸೇರಿ ಕೇಳಿದರೆ ಹೆಚ್ಚು ಹಣ ಎಂಬ ನಿಯಮ ಹಲವೆಡೆ ಇದೆ. ಇದರಿಂದ ಹೆಸರಿಗಷ್ಟೇ ಜತೆಗೂಡುವವರು ಹುಟ್ಟಿಕೊಳ್ಳುತ್ತಾರೆ. ಯಾರು ಯಾವ ಕೆಲಸ ಮಾಡುತ್ತಾರೆ ಎಂದು ಅರ್ಜಿಯಲ್ಲೇ ಕೇಳಿದರೆ ನಿಜ ಗೊತ್ತಾಗುತ್ತದೆ. ಸಣ್ಣ ಸಮುದಾಯವೊಂದು ತನ್ನ ಹಬ್ಬವನ್ನು ತಾನೇ, ತನಗಾಗಿಯೇ ಮಾಡಿಕೊಂಡರೂ ಅದಕ್ಕೆ ಹಣ ಸಿಗಬೇಕು. ಪ್ರತಿ ಸಲವೂ ಬೇರೆಯವರಿಗೆ ತಮ್ಮನ್ನು ವಿವರಿಸುವ ಹೊರೆ ಅವರ ಮೇಲೆ ಯಾಕೆ?

ಹಳೆಯ ವಿದ್ಯಾರ್ಥಿಗಳಿಂದಲೋ ಕಂಪನಿಗಳಿಂದಲೋ ಹಣ ಪಡೆಯುವಾಗ ಒಂದೇ ಷರತ್ತು: ಅತಿಥಿಗಳನ್ನೂ ವಿಷಯವನ್ನೂ ಆಯ್ಕೆ ಮಾಡುವವರು ವಿದ್ಯಾರ್ಥಿಗಳೇ ಎಂದು ಮೊದಲೇ ಬರವಣಿಗೆಯಲ್ಲಿ ಪಡೆಯುತ್ತೇವೆ.

ಕಾರ್ಯಕ್ರಮದ ನಂತರದ ವರದಿ ಒಂದು ಪುಟ ಮೀರಬಾರದು. ಎಷ್ಟು ಜನ ಬಂದರು ಎಂಬುದರ ಜತೆಗೆ, ಬರಬೇಕೆಂದಿದ್ದೂ ಬರಲಾಗದವರು ಯಾರು, ಏಕೆ ಎಂದೂ ಕೇಳುತ್ತೇವೆ. ಸಂಜೆಯ ಹೊತ್ತಿಗೆ ಊರಿಗೆ ಹೋಗುವ ಕೊನೆಯ ಬಸ್ಸು ತಪ್ಪುತ್ತದೆ, ಸಭಾಂಗಣ ಮೇಲಿನ ಮಹಡಿಯಲ್ಲಿದೆ, ಮಗುವನ್ನು ನೋಡಿಕೊಳ್ಳುವವರಿಲ್ಲ ಎಂಬಂಥ ಉತ್ತರಗಳು ಬರುತ್ತವೆ. ಮುಂದಿನ ವರ್ಷದ ಬಜೆಟ್ ಬೇಡಿಕೆಗೆ ಅವನ್ನೇ ಲಗತ್ತಿಸುತ್ತೇನೆ. ಕಾರ್ಯಕ್ರಮ ಮುಗಿದ ಮೇಲೆ ಮನೆಗೆ ತಲುಪಿಸುವ ವಾಹನಕ್ಕೆ ಆಡಳಿತದವರು ಪ್ರತ್ಯೇಕ ಹಣ ಒಪ್ಪಿದ್ದು ಆ ಪುಟಗಳನ್ನು ಓದಿದ ಮೇಲೆಯೇ.