ಸ್ವಿಚ್ಚಿನ ಲಾಗ್ ಓದುವುದು ಹೇಗೆ?

ನೆಟ್‌ವರ್ಕ್ ಕೈಕೊಟ್ಟ ಕೂಡಲೇ, ಕಚೇರಿಯ ಕಂಪ್ಯೂಟರ್‌ಗಳನ್ನು ಒಂದಕ್ಕೊಂದು ಜೋಡಿಸುವ ಸ್ವಿಚ್ಚನ್ನು ಆಫ್ ಮಾಡಿ ಆನ್ ಮಾಡುವವರನ್ನು ನಾನು ಬಹಳ ನೋಡಿದ್ದೇನೆ. ಸ್ವಿಚ್ಚಿನೊಳಗಿನ ಲಾಗ್, ಅಂದರೆ ಘಟನೆಗಳ ಪಟ್ಟಿ, ಸಾಮಾನ್ಯವಾಗಿ ಮೆಮೊರಿಯಲ್ಲಷ್ಟೇ ಇರುವುದರಿಂದ, ತೊಂದರೆ ಎಲ್ಲಿ ಶುರುವಾಯಿತೆಂಬ ದಾಖಲೆಯೂ ಆಗ ಅಳಿಸಿಹೋಗುತ್ತದೆ. ಆದ್ದರಿಂದ ಮೊದಲು ಓದಬೇಕು. ಇಲ್ಲಿರುವ ವಿವರಣೆ ಸಿಸ್ಕೋ ಕಂಪನಿಯ ಐಒಎಸ್ ತಂತ್ರಾಂಶವಿರುವ ಸ್ವಿಚ್ಚುಗಳಿಗೆ ಸಂಬಂಧಿಸಿದ್ದು.

ಒಂದು: ಲಾಗಿನ್ ಆಗಿ ‘ಶೋ ಲಾಗಿಂಗ್’ ಆದೇಶ ಕೊಟ್ಟು, ಬಂದದ್ದನ್ನೆಲ್ಲ ಒಂದು ಫೈಲಿಗೆ ಉಳಿಸಿಕೊಳ್ಳಿ.

ಎರಡು: ಸಮಯವನ್ನು ಪರೀಕ್ಷಿಸಿ. ದಿನಾಂಕಕ್ಕೂ ಮೊದಲು ನಕ್ಷತ್ರ ಚಿಹ್ನೆ (*) ಇದ್ದರೆ ಆ ಗಡಿಯಾರವನ್ನು ನಂಬುವಂತಿಲ್ಲ. ಎನ್‌ಟಿಪಿ ಸರ್ವರಿನಿಂದ ಸಮಯ ಪಡೆಯದ ಸ್ವಿಚ್ಚನ್ನು ಕೆಲಸಕ್ಕೆ ಹಚ್ಚಲೇಬಾರದು.

ಮೂರು: ಸಂದೇಶವನ್ನು ಬಿಡಿಸಿ ಓದಿ. ಹೆಚ್ಚಿನವರು ಎಡವುವುದು ಇಲ್ಲಿಯೇ. ‘%ಲಿಂಕ್-3-ಅಪ್‌ಡೌನ್’ ಎಂಬುದರಲ್ಲಿ ಮೊದಲನೆಯದು ವಿಭಾಗ, ನಡುವಿನ ಅಂಕೆ ತೀವ್ರತೆ, ಕೊನೆಯದು ಘಟನೆಯ ಹೆಸರು. ತೀವ್ರತೆ 0ರಿಂದ 7ರವರೆಗೆ ಇದ್ದು, ಅಂಕೆ ಚಿಕ್ಕದಾದಷ್ಟೂ ವಿಷಯ ಗಂಭೀರವೆಂದು ಲೆಕ್ಕ. ಆದರೆ ಆ ಅಂಕೆಯೊಂದನ್ನೇ ನೆಚ್ಚಿಕೊಂಡರೆ ದಾರಿ ತಪ್ಪುತ್ತೀರಿ. ಸಂಜೆ ಯಾರೋ ಕಂಪ್ಯೂಟರ್ ಆರಿಸಿ ಮನೆಗೆ ಹೋದರೂ 3ನೇ ಮಟ್ಟದ ಸಂದೇಶ ಬರುತ್ತದೆ, ಅದರಿಂದ ಯಾವ ಅಪಾಯವೂ ಇಲ್ಲ. ಇಡೀ ಕಚೇರಿಯನ್ನು ನಿಲ್ಲಿಸಬಲ್ಲ ‘ಮ್ಯಾಕ್‌ಫ್ಲ್ಯಾಪ್’ ಬರುವುದು 4ನೇ ಮಟ್ಟದಲ್ಲಿ.

ಈ ಮ್ಯಾಕ್‌ಫ್ಲ್ಯಾಪ್ ಸಂದೇಶವನ್ನು ನಿಧಾನವಾಗಿ ಓದಿ. ಉದಾಹರಣೆಗೆ, ಒಂದು ಸಾಧನದ ವಿಳಾಸ, ವಿಎಲ್ಎಎನ್ 10 (ನೆಟ್‌ವರ್ಕಿನ ಒಂದು ಉಪವಿಭಾಗ), ನಂತರ ‘ಜಿಐ0/3’ ಮತ್ತು ‘ಜಿಐ0/7’ ಎಂಬ ಎರಡು ಪೋರ್ಟ್‌ಗಳು (ಕೇಬಲ್ ಸಿಕ್ಕಿಸುವ ಕಿಂಡಿಗಳು) ಅದರಲ್ಲಿರುತ್ತವೆ. ಅಂದರೆ ಒಂದೇ ಸಾಧನ ಒಮ್ಮೆ ಮೂರನೆಯ ಪೋರ್ಟಿನಲ್ಲಿ, ಮರುಕ್ಷಣ ಏಳನೆಯದರಲ್ಲಿ ಕಾಣಿಸುತ್ತಿದೆ. ವಿಳಾಸ ಒಂದೇ ಆಗಿದ್ದು ಅಪರೂಪಕ್ಕೆ ಬಂದರೆ, ಯಾರೋ ಫೋನ್ ಹಿಡಿದು ಒಂದು ವೈಫೈ ಪೆಟ್ಟಿಗೆಯ ವ್ಯಾಪ್ತಿಯಿಂದ ಇನ್ನೊಂದಕ್ಕೆ ನಡೆದಿರಬಹುದು. ಹತ್ತಾರು ವಿಳಾಸಗಳು ಅದೇ ಎರಡು ಪೋರ್ಟ್‌ಗಳ ನಡುವೆ ಎಡೆಬಿಡದೆ ಓಡಾಡುತ್ತಿದ್ದರೆ ಅದು ಬಹುತೇಕ ಲೂಪ್, ಅಂದರೆ ದತ್ತಾಂಶ ಸುತ್ತುತ್ತಲೇ ಇರುವಂತಹ ಜೋಡಣೆ. ನಾನು ಹೋಗಿದ್ದ ಒಂದು ಕಚೇರಿಯಲ್ಲಿ ಅರ್ಧ ದಿನ ಕೇಬಲ್‌ಗಳನ್ನು ಬದಲಿಸಿದ್ದರು. ನಿಜವಾದ ಕಾರಣ ಬೇರೆಯೇ ಇತ್ತು: ಮೇಜಿನ ಕೆಳಗಿನ ಐದು ಪೋರ್ಟಿನ ಪುಟ್ಟ ಸ್ವಿಚ್ಚೊಂದರಿಂದ ಎರಡು ಕೇಬಲ್‌ಗಳು ಗೋಡೆಗೆ ಹೋಗಿದ್ದವು. ಲೂಪ್ ಪತ್ತೆಹಚ್ಚಲು ಸ್ವಿಚ್ಚುಗಳು ಕಳಿಸುವ ಬಿಪಿಡಿಯು ಎಂಬ ಸಂದೇಶಗಳನ್ನು ಮುಂದಕ್ಕೆ ಬಿಡದ ಇಂತಹ ಅಗ್ಗದ ಸ್ವಿಚ್ಚುಗಳೂ ಇವೆ, ಅವುಗಳನ್ನು ಕೊಳ್ಳಬೇಡಿ.

ನಾಲ್ಕು: ಮೇಲಿನಿಂದ ಕೆಳಕ್ಕೆ ಓದಿ. ಐಒಎಸ್‌ನಲ್ಲಿ ಹಳೆಯದು ಮೇಲೆ, ಹೊಸದು ಕೆಳಗೆ ಇರುತ್ತದೆ. ಕೊನೆಯ ಸಾಲು ಪರಿಣಾಮವನ್ನಷ್ಟೇ ಹೇಳುತ್ತದೆ. ಕಾರಣ ಸಿಗುವುದು ದೂರು ಬಂದ ಹೊತ್ತಿಗಿಂತ ತುಸು ಹಿಂದಿನ ಸಾಲುಗಳಲ್ಲಿ. ‘ಅಡ್ಮಿನಿಸ್ಟ್ರೇಟಿವ್‌ಲಿ ಡೌನ್’ ಎಂದಿದ್ದರೆ ಯಾರೋ ಆದೇಶ ಕೊಟ್ಟು ಪೋರ್ಟನ್ನು ಮುಚ್ಚಿದ್ದಾರೆ, ಕೇಬಲನ್ನು ದೂರುವುದು ವ್ಯರ್ಥ.

ಐದು: ‘ಎರ್-ಡಿಸೇಬಲ್’ ಎಂದಿದ್ದರೆ ಸ್ವಿಚ್ ತಾನಾಗಿಯೇ ಪೋರ್ಟನ್ನು ಮುಚ್ಚಿದೆ. ಕಾರಣ ಅದೇ ಸಾಲಿನಲ್ಲಿರುತ್ತದೆ. ಅಲ್ಲಿ ‘ಬಿಪಿಡಿಯುಗಾರ್ಡ್’ ಎಂಬ ಪದ ಕಂಡರೆ (ಬಿಪಿಡಿಯು ಬರಬಾರದ ಪೋರ್ಟಿಗೆ ಅದು ಬಂದಿದೆ ಎಂದರ್ಥ), ಆ ಪೋರ್ಟಿನ ಕೇಬಲ್ ಎಲ್ಲಿಗೆ ಹೋಗುತ್ತದೆಂದು ಕಣ್ಣಾರೆ ನೋಡುವವರೆಗೂ ಅದನ್ನು ಮತ್ತೆ ತೆರೆಯಬೇಡಿ.